ಹತ್ತು ನಲವತ್ತೊಂದರ ನಂತರ

ಅಳಿಸು ಅಂದ ಯತಿರಾಜ. ಎಲ್ಲಿ ಅಂತ ಹೇಳಲಿಲ್ಲ.
ಯಂತ್ರಕ್ಕೆ ಅಷ್ಟು ಸಾಕು. ಎಲ್ಲಿ ಅನ್ನದಿದ್ದರೆ ಎಲ್ಲೆಲ್ಲೂ.
ರಾತ್ರಿ ಹತ್ತು ಐವತ್ತೆಂಟಕ್ಕೆ ನಮ್ಮ ಲ್ಯಾಬಿನ
ಒಂದು ಲಕ್ಷದ ನಲವತ್ತು ಸಾವಿರ ಬುಕಿಂಗು
ಒರೆಸಿದ ಸ್ಲೇಟು.

ನಾನು ಕಮ್ಮನಹಳ್ಳಿಯಲ್ಲಿ ಹಾಲಿಗೆ ಹೆಪ್ಪು ಹಾಕುತ್ತಿದ್ದೆ.
ಫೋನು ಬಂತು. ಮೇಡಂ, ಅಂದ. ಆಮೇಲೆ ಏನೂ ಅನ್ನಲಿಲ್ಲ.
ಯಾವ ಟೇಬಲ್ಲು ಅಂತ ಆ ಮೌನದಲ್ಲೇ ತಿಳಿದುಹೋಯಿತು.

ಹೈದರಾಬಾದಿನಲ್ಲಿ ಇನ್ನೊಂದು ಪ್ರತಿ ಇದೆಯಲ್ಲಾ, ಅಂದರು ಸಲ್ಡಾನ್ಹಾ ಸರ್.
ಇತ್ತು ಸರ್. ಅದು ಕನ್ನಡಿ.
ಇಲ್ಲಿ ಹಣೆಯ ಬೊಟ್ಟು ಅಳಿಸಿದರೆ ಅಲ್ಲೂ ಅಳಿಸುತ್ತದೆ,
ಕಣ್ಣು ಮಿಟುಕಿಸುವುದರೊಳಗೆ, ನಿಯತ್ತಾಗಿ.
ಬ್ಯಾಕಪ್ಪೇ ಬೇರೆ. ಅದಕ್ಕೆ ಈಗ ನಡೆದದ್ದು ಗೊತ್ತಿಲ್ಲ,
ಅದೇ ಅದರ ಪುಣ್ಯ.
(ಮಾರ್ಚಿಯಿಂದ ಒಮ್ಮೆಯೂ ಅದನ್ನು ವಾಪಸ್ ತಂದು ನೋಡಿರಲಿಲ್ಲ.
ಇದನ್ನು ಸರ್‌ಗೆ ಹೇಳಲಿಲ್ಲ.)

ಮೋಡ ಅನ್ನುತ್ತೇವೆ. ಮುಂಬೈಯ ಯಾವುದೋ ಶೆಡ್ಡಿನಲ್ಲಿ
ಎಸಿ ಹಾಕಿ ನಿಲ್ಲಿಸಿದ ಯಂತ್ರಗಳ ಸಾಲು ಅದು.
ಕಿಟಕಿಯಾಚೆ ನಿಜವಾದದ್ದೊಂದು, ಲಿಂಗರಾಜಪುರದ ಫ್ಲೈಓವರ್ ಮೇಲೆ,
ಸುರಿಯಲೋ ಬೇಡವೋ ಅಂತ ನಿಂತಿತ್ತು.

ಇದ್ದಲ್ಲೇ ರಿಪೇರಿಯಾಗುವ ವಸ್ತುವಲ್ಲ ಇದು.
ಪಕ್ಕದ ಸೈಟಿನಲ್ಲಿ ಹೊಸದೊಂದು ಮನೆ ಏಳುತ್ತದೆ,
ಅವೇ ಪಾತ್ರೆ, ಅದೇ ಮೊಳೆಗೆ ಅದೇ ಕ್ಯಾಲೆಂಡರು,
ಡೋರ್ ನಂಬರ್ ಮಾತ್ರ ಬೇರೆ.
ಮೊದಲು ಹಿಂದಿನ ರಾತ್ರಿಯ ಪೂರ್ತಿ ಚಿತ್ರ. ಅದರ ಮೇಲೆ
ದಿನವಿಡೀ ಆದದ್ದೆಲ್ಲ ಒಂದೊಂದಾಗಿ, ಆದ ಕ್ರಮದಲ್ಲೇ:
ಬಾಣಸವಾಡಿಯ ಥೈರಾಯ್ಡು ಬುಕ್ಕಾಯಿತು,
ಹೆಣ್ಣೂರಿನ ಸಕ್ಕರೆ ರದ್ದಾಯಿತು,
ಅರ್ಧ ಗಂಟೆ ಬಿಟ್ಟು ಅದೇ ಸಕ್ಕರೆ ಮತ್ತೆ ಬುಕ್ಕಾಯಿತು.
ಜನ ಹಿಂದೆಮುಂದೆ ನೋಡಿದ್ದನ್ನೂ ಅದು ಬಿಡುವುದಿಲ್ಲ.

ಹನ್ನೆರಡೂವರೆಗೆ ಪರದೆಯ ಮೇಲೆ: ಸೃಷ್ಟಿಯಾಗುತ್ತಿದೆ.
ಒಂದೂಕಾಲಿಗೆ: ಸೃಷ್ಟಿಯಾಗುತ್ತಿದೆ.
ಬ್ರಹ್ಮನೂ ಇಷ್ಟು ಹೊತ್ತು ತೆಗೆದುಕೊಂಡಿರಲಾರ, ಅಂದೆ.
ಯತಿರಾಜ ನಗಲಿಲ್ಲ. ಕಾಲ್‌ನಲ್ಲೇ ಇದ್ದ,
ಮೈಕ್ ಆಫ್ ಮಾಡುವುದು ಮರೆತು.
ಅವನ ರೂಮಿನ ಫ್ಯಾನು ನನ್ನ ಅಡುಗೆಮನೆಯಲ್ಲಿ
ರಾತ್ರಿಯಿಡೀ ತಿರುಗಿತು.

ಮೂರು ಐವತ್ತಕ್ಕೆ ಎದ್ದಿತು. ಎಣಿಸಿದೆ.
ಹತ್ತು ನಲವತ್ತೊಂದರವರೆಗೆ ಎಲ್ಲ ಇತ್ತು. ಮುಂದೆ ಬಿಳಿ.
ಕೊನೆಯ ಲಾಗು ಎಲ್ಲೋ ದಾರಿಯಲ್ಲೇ ಉಳಿದುಬಿಟ್ಟಿತ್ತು.
ಹದಿನೇಳು ನಿಮಿಷ.
ವರದಿಯಲ್ಲಿ ಬರೆದೆ: ನಷ್ಟ ಅತ್ಯಲ್ಪ.

ಐದೂಕಾಲಿಗೆ ಸ್ಕೂಟರುಗಳು ಹೊರಟವು. ಸೂಜಿ, ಐಸ್ ಡಬ್ಬಿ, ನಾನು ಕೊಟ್ಟ ಪಟ್ಟಿ.
ಐದು ನಲವತ್ತಕ್ಕೆ ಕಾಕ್ಸ್ ಟೌನಿನ ಒಂದು ಕರೆಯನ್ನು
ಕಸ್ಟಮರ್ ಕೇರಿನವರು ನನಗೇ ತಿರುಗಿಸಿದರು:
"ರಾತ್ರಿ ಬುಕ್ ಮಾಡಿದೀನಮ್ಮ, ಕನ್ಫರ್ಮ್ ಅಂತ ಮೆಸೇಜೂ ಬಂತು.
ಎಂಟು ಗಂಟೆಯಿಂದ ಹೊಟ್ಟೆಗೆ ಏನೂ ಹಾಕಿಲ್ಲ. ಕಾಫಿ ಕೂಡ.
ನಿಮ್ಮ ಹುಡುಗ ಎಲ್ಲಿ?"

ಎಲ್ಲಿ.

ಆ ಮೆಸೇಜು ಓದಿ ಹೇಳಿ, ಅಂದೆ. ಕನ್ನಡಕ ಹುಡುಕಿದರು. ಓದಿದರು.
ನಾನು ಒಂದೊಂದು ಅಂಕಿಯನ್ನೂ ತಿರುಗಿ ಹೇಳಿ
ಕೈಯಾರೆ ಒಂದು ಸಾಲು ಸೇರಿಸಿದೆ:
ವಿಕ್ಟೋರಿಯಾ ಜೆಸಿಂತಾ, ಅರವತ್ತೊಂದು, ಉಪವಾಸದ ಸಕ್ಕರೆ.
ಇನಾಯತ್‌ಗೆ ಫೋನ್ ಮಾಡಿದೆ; ಫ್ರೇಜರ್ ಟೌನಿನಿಂದ ಗಾಡಿ ತಿರುಗಿಸಿದ.

ಎಂಟರ ಹೊತ್ತಿಗೆ ಒಂಬತ್ತು ಜನ ಹೀಗೆ ವಾಪಸ್ ಬಂದರು,
ಬೈಯುತ್ತ, ಆಕಳಿಸುತ್ತ, ಒಬ್ಬರಂತೂ ಸಾರಿ ಕೇಳುತ್ತ.
ರಾತ್ರಿಯ ಆ ಹೊತ್ತಿನಲ್ಲಿ ಹದಿನೇಳು ನಿಮಿಷಕ್ಕೆ
ಸರಾಸರಿ ಹನ್ನೊಂದು ಅನ್ನುತ್ತದೆ ನಮ್ಮದೇ ಲೆಕ್ಕ.

ಮೊಸರು ಗಟ್ಟಿಯಾಗಿತ್ತು. ಮೊದಲು ಒಂದು ಚಮಚ
ಪುಟ್ಟ ಬಟ್ಟಲಿಗೆ ತೆಗೆದಿಟ್ಟೆ.
ತಿನ್ನುವುದು ಒಂಬತ್ತರ ಮೇಲಾಯಿತು ಅಂದುಕೊಂಡು
ಖಾಲಿ ತಟ್ಟೆಯ ಪಕ್ಕ ಫೋನು ಇಟ್ಟುಕೊಂಡು ಕೂತೆ.